ಕುಂತಾನೋ, ಮಲಗ್ಯಾನೋ

ಮೊನ್ನೆ ಬಸವನ ಬಾಗೇವಾಡಿಯಿಂದ ಬೀಗರು ಬಂದಿದ್ದರು. ನನ್ನ ಮಗಳ ಮಾವ. ಬಾಗಿಲಿಗೆ ಬಂದವರಿಗೆ "ಬರ್ರಿ, ಕುಂದರ್ರಿ" ಅಂದೆ. ಅವರು ಕುರ್ಚಿಯ ಮೇಲೆ ಕುಳಿತರು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು, ನನ್ನ ಕೈ ಸುಮ್ಮನಿರಲಿಲ್ಲ. ಎರಡು ಬೆರಳು ಅವರ ಗದ್ದದ ಕೆಳಗೆ ಹೋಗಿ ಮುಖವನ್ನು ಕಿಟಕಿಯ ಬೆಳಕಿನ ಕಡೆಗೆ ಸ್ವಲ್ಪ ತಿರುಗಿಸಿಬಿಟ್ಟವು. ಬೀಗರು ಗಾಬರಿಯಾಗಿ ಉಸಿರು ಬಿಗಿಹಿಡಿದು ಹಾಗೇ ಕುಳಿತರು. ನೀರಿನ ತಂಬಿಗೆ ಹಿಡಿದು ಬಂದ ನನ್ನ ಹೆಂಡತಿ ನೋಡಿದಳು.

"ಉಸುರು ಬಿಡ್ರಿ ಬೀಗರ, ಕ್ಯಾಮರಾ ಇಲ್ಲ. ಅಂಗಡಿ ಮುಚ್ಚಿದ್ರೂ ಇವರ ಕೈಯಾಗಿನ ಖೋಡಿ ಹೋಗಿಲ್ಲ."

ನಾನು ಫೋಟೋ ತೆಗೆಯುವವನು ಎಂದು ಜನ ತಿಳಿದಿದ್ದರು. ಖರೆ ಹೇಳಬೇಕೆಂದರೆ ನನ್ನ ಕಸುಬು ಜನರನ್ನು ಕೂಡಿಸುವುದು. ಫೋಟೋ ತೆಗೆಯುವುದು ಕ್ಯಾಮರಾದ ಕೆಲಸ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕೂಡಿಸುವುದಕ್ಕೇ ಹೊತ್ತು ಹಿಡಿಯುವುದು. ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಸ್ಟುಡಿಯೋ ಇತ್ತು. ಒಂದು ಸಾಗವಾನಿ ಕುರ್ಚಿ, ಹಿಂದೆ ಒಂದು ಪರದೆ. ಪರದೆಯ ಮೇಲೆ ಕೆರೆ, ಕೆರೆಯಲ್ಲಿ ಎರಡು ಹಂಸ, ಆಚೆ ದಂಡೆಗೆ ಅರಮನೆ. ಆಲಮೇಲದ ಕಬ್ಬಿನ ರೈತನೊಬ್ಬ ಆ ಪರದೆಯನ್ನೇ ಬಹಳ ಹೊತ್ತು ನೋಡಿ, "ಇಷ್ಟು ನೀರ ಇಟ್ಕೊಂಡು ಬರೇ ಹಕ್ಕಿ ಬಿಟ್ಟಾರಲ್ರಿ, ಕಬ್ಬ ಹಚ್ಚಬಾರದೇನು" ಎಂದು ನನ್ನನ್ನೇ ಬೈದಿದ್ದ.

"ಕುಂದ್ರು" ಅನ್ನುವ ಮಾತು ನನ್ನ ಬೆನ್ನಿಗೆ ಸಣ್ಣಂದಿನಿಂದಲೇ ಹತ್ತಿದ್ದು. ನಾನು ಹುಟ್ಟಿದ್ದು ಇಂಡಿಯಲ್ಲಿ. ಮೀಸೆ ಚಿಗುರುವ ತನಕ ದನ ಕಾಯ್ದೆ. ಆಮೇಲೆ ಸೋದರಮಾವ ಮುದ್ದೇಬಿಹಾಳಕ್ಕೆ ಕರೆದುಕೊಂಡು ಹೋಗಿ ಶಾಲೆಗೆ ಹಾಕಿದ. ಒಂದನೇ ಇಯತ್ತೆಯ ಬೆಂಚಿನಲ್ಲಿ ಉಳಿದವರ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ನನ್ನ ಮೊಣಕಾಲು ಗದ್ದಕ್ಕೆ ಬಡಿಯುತ್ತಿತ್ತು. ಶಾಲೆ ತಪಾಸಣೆಗೆ ಬಂದ ಸಾಹೇಬರು ನಾನು ಎದ್ದು ನಿಂತದ್ದು ನೋಡಿ ನಮಸ್ಕಾರ ಮಾಡಿದ್ದೂ ಉಂಟು, ಮಾಸ್ತರನೆಂದು ತಿಳಿದು. ನಾನೂ ನಮಸ್ಕಾರ ಮಾಡಿದೆ. ನಮ್ಮ ಖರೆ ಮಾಸ್ತರರು ಹಿಂದಿನಿಂದ, "ಲೇ ಕೋಣಾ, ಕುಂದ್ರೋ ಕೆಳಗ" ಅಂದರು. ಇಂಗ್ಲಿಷು ನನಗೆ ಶಾಲೆಯಲ್ಲಿ ಹತ್ತಲಿಲ್ಲ. ಆಮೇಲೆ ಅಲ್ಲಿಯೇ ಮುದ್ದೇಬಿಹಾಳದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ನಿಂತಾಗ ರೀಲಿನ ಡಬ್ಬಿಯ ಮೇಲಿನ ಅಕ್ಷರ ಕೂಡಿಸಿ ಕೂಡಿಸಿ ಕಲಿತೆ. ಡಬ್ಬಿಯ ಮೇಲೆ ಇರುವುದು ದೊಡ್ಡ ಅಕ್ಷರ. ಅದಕ್ಕೆ ದೊಡ್ಡ ಅಕ್ಷರ ಮಾತ್ರ ನನಗೆ ಬರುತ್ತವೆ. ಸಣ್ಣ ಅಕ್ಷರ ಬಂದರೆ ಇಂದಿಗೂ ನಾನು ಕುರುಡ. ಈ ಅರ್ಧ ವಿದ್ಯೆ ಮುಂದೆ ಕೆಲಸಕ್ಕೆ ಬಂತು, ಹೇಳುತ್ತೇನೆ.

ಅದಕ್ಕೂ ಮುಂಚೆ ಇನ್ನೊಂದು ಕೂಡಿಸುವಿಕೆ ಇದೆ. ನಾವು ಲಿಂಗಾಯತರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂಡಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಚೌಕಾದ ಕುಣಿಯಲ್ಲಿ ಇಳಿಸಿ ಮಣ್ಣು ಕೊಡುತ್ತೇವೆ. ಅದರ ಮೇಲೆ ಕಟ್ಟುವ ಕಟ್ಟೆಯೇ ಗದ್ದಿಗಿ. ನನ್ನ ಅಜ್ಜನನ್ನು ಹೀಗೆ ಇಳಿಸಿದಾಗ ನಾನು ಸಣ್ಣವ. "ಆಯೀ, ಅಜ್ಜನ ಕಾಲಿಗೆ ಜೋಮು ಹಿಡಿಯಂಗಿಲ್ಲೇನು?" ಎಂದು ಅಜ್ಜಿಯನ್ನು ಕೇಳಿದೆ. ಆಯಿ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ, "ಅವಗೇನು ನಿನ್ನಂಗ ನಾಳಿ ದನ ಬಿಡೂದೈತಿ? ಕುಂದರ್ತಾನ ಬಿಡು" ಅಂದು ಮತ್ತೆ ಅಳುವುದಕ್ಕೆ ಹತ್ತಿದಳು.

ಮಣ್ಣು ಕೊಡುವ ಮೊದಲು ಸತ್ತವರನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂ ಹಾಕಿ, ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸುವ ಪದ್ಧತಿ. ಎಷ್ಟೋ ಜನರಿಗೆ ಹುಟ್ಟಿದಾಗಿನಿಂದ ಅದೊಂದೇ ಫೋಟೋ. ಮದುವೆಗಿಂತ ಈ ಕರೆಯೇ ನನಗೆ ಹೆಚ್ಚು ಬರುತ್ತಿತ್ತು. ಬಟನ್ ಒತ್ತುವ ಮುಂಚೆ "ಅಲುಗಬ್ಯಾಡ್ರಿ" ಅನ್ನುವುದು ನನ್ನ ರೂಢಿ. ಬಾಗೇವಾಡಿಯ ಒಂದು ಮನೆಯಲ್ಲಿ ನಡುವೆ ಕುಳಿತ ಯಜಮಾನರ ಕಡೆಗೇ ನೋಡಿ ಅಂದುಬಿಟ್ಟೆ. ಯಜಮಾನರ ಅಕ್ಕ, ಹಲ್ಲಿಲ್ಲದ ಮುದುಕಿ, ಮೂಲೆಯಿಂದ ಹೇಳಿದಳು. "ಅಂವ ಇದ್ದಾಗೂ ಜಾಗಾ ಬಿಟ್ಟು ಅಲುಗತಿದ್ದಿಲ್ಲ ಬಿಡೋ ತಮ್ಮಾ. ನೀ ಹೊಡಿ." ಆ ಫೋಟೋದಲ್ಲಿ ಅಲುಗದೆ ಇದ್ದವರು ಯಜಮಾನರು ಒಬ್ಬರೇ. ಉಳಿದವರೆಲ್ಲ ನಗೆ ತಡೆಯುವುದಕ್ಕೆ ಹೋಗಿ ಮಸುಕಾಗಿದ್ದರು.

ಇಷ್ಟು ಹೇಳಿದ್ದು ಯಾಕೆಂದರೆ, ಯಂಕಂಚಿಯ ಗಂಗವ್ವ ನನ್ನನ್ನು ಕೇಳಿದ ಮಾತು ನಿಮಗೆ ಹುಚ್ಚು ಅನಿಸಬಾರದು.

ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ಕ್ಯಾಮರಾದ ಶಟರು ಹಿಡಿದು ಹಿಡಿದು ಬಿಡುತ್ತಿತ್ತು, ಪುಣೆಗೆ ಒಯ್ದು ರಿಪೇರಿ ಮಾಡಿಸಬೇಕಿತ್ತು. ಹೊರಡುವ ಮುಂಚಿನ ವಾರ ಗಂಗವ್ವ ತನ್ನ ಮೈದುನ ಮಲ್ಲಪ್ಪನ ಮಗಳನ್ನು ಕರೆದುಕೊಂಡು ಬಂದಳು, ವರನ ಕಡೆಯವರಿಗೆ ಕಳಿಸಲು ಫೋಟೋ ಬೇಕೆಂದು. ಮಲ್ಲಪ್ಪನೂ ಸಂಗಡ ಇದ್ದ. ಗಂಗವ್ವನಿಗೆ ಐವತ್ತರ ಆಸುಪಾಸು. ಎತ್ತರದ ಆಳು, ತಾನೇ ಬಂಡಿ ಹೊಡೆಯುವವಳು, ಮಾತೂ ಹಾಗೇ. ಹುಡುಗಿಯ ಫೋಟೋ ಆದ ಮೇಲೆ, "ನಂದೂ ಒಂದ್ ಹೊಡಿ, ಹೆಂಗೂ ಬಂದೀನಿ" ಎಂದು ಕುರ್ಚಿಗೆ ಕುಳಿತಳು. ಕುಳಿತ ಮೇಲೂ ಬಾಯಿ ನಿಲ್ಲದು.

"ಅಲುಗಬ್ಯಾಡ್ರಿ" ಅಂದೆ.

"ಅಲುಗಿಲ್ಲೋ, ಮಾತಾಡಾಕತ್ತೀನಿ."

"ಮಾತಾಡಿದ್ರೂ ಅಲುಗಿದಂಗ ಆಗತೈತ್ರಿ."

"ಹಂಗಾದ್ರ ಸತ್ತ ಮ್ಯಾಲೇ ಹೊಡಿ ನಂದು."

ಮಲ್ಲಪ್ಪ ನಕ್ಕ. ನಾನು ಪುಣೆಗೆ ಹೋಗುವ ವಿಷಯ ಹೀಗೇ ಮಾತಿನಲ್ಲಿ ಬಂತು. ಗಂಗವ್ವ ಅಲುಗುವುದನ್ನು ನಿಲ್ಲಿಸಿದಳು.

"ಅಲ್ಲಿ ದಂಡಿನವರ ಸ್ಮಶಾನ ಐತಂತಲ್ಲ. ಬಿಳೀ ಕಲ್ಲ ನಿಲ್ಲಸ್ಯಾರಂತ, ಸಾಲಿ ಹುಡುಗ್ರಂಗ ಸಾಲ ಹಚ್ಚಿ. ಅಲ್ಲಿ ನಮ್ಮವರು ಅದಾರ."

ಅವಳ ಗಂಡ ಗುರಪ್ಪ. ದೊಡ್ಡ ಲಡಾಯಿಯ ಕಾಲಕ್ಕೆ, ಮದುವೆಯಾದ ಹೊಸದರಲ್ಲೇ, ಇಂಡಿಗೆ ಎತ್ತು ತರಲು ಹೋದವನು ದಂಡಿಗೆ ಸೇರಿ ಬಂದ. ಬರ್ಮಾದ ಕಡೆಗೆ ಕಳಿಸಿದರು. ಗುಂಡು ತಾಗಲಿಲ್ಲ, ಜ್ವರ ತಾಗಿತು. ಪುಣೆಯ ದಂಡಿನ ದವಾಖಾನೆಯವರೆಗೆ ಬಂದು ಅಲ್ಲೇ ತೀರಿಹೋದ. ಲಡಾಯಿ ಮುಗಿದ ಮೇಲೆ ಆಲಮೇಲದ ಜೊತೆಗಾರನೊಬ್ಬ ಗುರಪ್ಪನ ಟ್ರಂಕನ್ನು ಮನೆಗೆ ಮುಟ್ಟಿಸಿ, "ಬಿಳೀ ಕಲ್ಲಿನ ಸ್ಮಶಾನದಾಗ ಅದಾನ" ಎಂದು ಹೇಳಿ ಹೋದ. ಈಗ ಕೇಳೋಣ ಅಂದರೆ ಆ ಜೊತೆಗಾರನೂ ಇಲ್ಲ.

ಯಂಕಂಚಿಯ ಅವರ ಹೊಲದಲ್ಲಿ ಮಾವನದೊಂದು, ಅತ್ತೆಯದೊಂದು ಗದ್ದಿಗಿ ಇದ್ದವು. ನಡುವೆ ಒಂದು ಆಳು ಕೂಡುವಷ್ಟು ಜಾಗ. ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಲು ಹೋದಾಗ ಎರಡು ಎಡೆ ಗದ್ದಿಗಿಯ ಮೇಲೆ ಇಡುವುದು, ಗುರಪ್ಪನದನ್ನು ಮನೆಯಲ್ಲಿ ಅವನ ಟ್ರಂಕಿನ ಮೇಲೆ ಇಡುವುದು. ಆ ಟ್ರಂಕಿನಲ್ಲಿ ಈಗ ಬಿತ್ತುವ ಜೋಳ. ಅವನಿಗೂ ಒಂದು ಗದ್ದಿಗಿ ಕಟ್ಟೋಣ ಎಂದರೆ ಊರ ಹಿರಿಯರದು ಒಂದೇ ಮಾತು: ಅಲ್ಲಿ ಕೂಡಿಸಿ ಮಣ್ಣು ಕೊಟ್ಟಿದ್ದರೆ ಆ ಮಣ್ಣು ಒಂದು ಬೊಗಸೆ ತಂದು ಕಟ್ಟಬಹುದು. ಇಲ್ಲದಿದ್ದರೆ ಬರೀ ಕಟ್ಟೆ ಆಗುತ್ತದೆ, ಗದ್ದಿಗಿ ಆಗುವುದಿಲ್ಲ.

"ಟ್ರಂಕಿಗೆ ಎಡಿ ಹಿಡದು ಹಿಡದು ನನಗ ಸಾಕಾಗೇತೋ ತಮ್ಮಾ. ನಾಳಿ ನನ್ನೂ ಒಯ್ದು ಎಲ್ಲಿ ಕುಂದರಸ್ತಾರ? ಟ್ರಂಕಿನ ಬಾಜೂಕೇನು?" ಅಂದಳು ಗಂಗವ್ವ. "ನೀ ಹೋಗು, ಫೋಟೋ ಹೊಡ್ಕೊಂಡ್ ಬಾ. ಕುಂತಾನೋ ಮಲಗ್ಯಾನೋ, ಅಷ್ಟ ನೋಡ್ಕೊಂಡ್ ಬಾ."

"ಮಣ್ಣಿನ ಮ್ಯಾಲಿಂದ ಹೆಂಗ ಗೊತ್ತಾಗಬೇಕ್ರಿ, ಅವ್ವಾರ?"

"ಕುಣಿ ಉದ್ದ ಐತೋ ಚೌಕ ಐತೋ ನೋಡು. ಇಷ್ಟೂ ತಿಳಿಯಂಗಿಲ್ಲಂದ್ರ ಎಂಥಾ ಫೋಟೋ ಮಾಸ್ತರೋ ನೀ!"

ಮಲ್ಲಪ್ಪ ಮೆಲ್ಲಗೆ, "ಇಲ್ಲದ್ದು ಹೇಳಬ್ಯಾಡ್ರಿ ಮತ್ತ. ಇದ್ದದ್ದ ಹೇಳ್ರಿ" ಅಂದ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ದಂಡಿನ ನಂಬರು ಅವನಿಗೆ ಬಾಯಿಪಾಠ. ಬರೆದುಕೊಂಡೆ. ಗಂಗವ್ವ ಮಣ್ಣು ಕಟ್ಟಿಕೊಂಡು ಬರಲೆಂದು ಒಂದು ಬಿಳಿ ಅರಿವೆಯ ತುಂಡು ಕೊಟ್ಟಳು.

ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿ, ಸೊಲ್ಲಾಪುರ ದಾಟಿ, ಪುಣೆಗೆ ಹೋದೆ. ಶಟರು ರಿಪೇರಿ ಮಾಡಿಸಿಕೊಂಡು, ಕೇಳುತ್ತ ಕೇಳುತ್ತ ಆ ಸ್ಮಶಾನದ ಗೇಟಿಗೆ ಮುಟ್ಟಿದೆ. ಗೇಟಿನಲ್ಲಿ ಖಾಕಿ ಚಡ್ಡಿಯ ಪಹರೆಯವ. ಮರಾಠಿಯಲ್ಲಿ ಎಲ್ಲಿಂದ ಬಂದೆ ಎಂದು ಕೇಳಿದ. "ಇಂಡಿ" ಅಂದೆ, ಹುಟ್ಟಿದ ಊರು ಮೊದಲು ಬಾಯಿಗೆ ಬರುತ್ತದೆ.

"ಅರೇ, ನಾವೆಲ್ಲಾ ಇಂಡಿಯಾನೇ. ಗಾಂವ್ ಯಾವ್ದು, ಗಾಂವ್?"

"ಊರ ಹೆಸರೇ ಇಂಡಿ ಐತ್ರಿ."

ಅವನು ಸ್ವಲ್ಪ ಯೋಚಿಸಿ, "ಲಿಂಬೀಕಾಯಿ ಇಂಡಿ?" ಅಂದ. ನಮ್ಮೂರ ಲಿಂಬೆ ಅಲ್ಲಿಯವರೆಗೂ ಹೆಸರಾಗಿತ್ತು. ಅವನ ಅತ್ತೆಯ ತವರು ಆ ಕಡೆಯದಂತೆ. ಅರ್ಧ ಕನ್ನಡ ಬರುತ್ತಿತ್ತು, ಅದೂ ಅತ್ತೆ ಬೈಯುವಾಗ ಕಲಿತದ್ದು. ಅದಕ್ಕೋ ಏನೋ ಅವನ ಕನ್ನಡವೆಲ್ಲ ಬೈದಂತೆಯೇ ಕೇಳುತ್ತಿತ್ತು.

ಒಳಗೆ ಕಾಲಿಟ್ಟವನಿಗೆ ಮೊದಲು ಕಂಡದ್ದು ಹುಲ್ಲು. ನೆಟ್ಟಗೆ ಕತ್ತರಿಸಿದ ಹಸಿರು ಹುಲ್ಲಿಗೆ ಒಬ್ಬ ಪೈಪಿನಿಂದ ನೀರು ಬಿಡುತ್ತಿದ್ದ. ದನ ಕಾಯ್ದವ ನಾನು. ಒಂದು ಕರುವೂ ಬಾಯಿ ಹಾಕದ ಹುಲ್ಲಿಗೆ ಇಷ್ಟು ನೀರು ಬಿಡುವುದನ್ನು ಕಂಡು, ಲಡಾಯಿಯಲ್ಲಿ ಸತ್ತವರ ಬಗ್ಗೆ ಆಗಬೇಕಾದ ಸಂಕಟ ಮೊದಲು ಆ ಹುಲ್ಲಿನ ಬಗ್ಗೆ ಆಯಿತು. ಆಮೇಲೆ ಕಲ್ಲು ನೋಡಿದೆ. ಎಲ್ಲ ಒಂದೇ ಎತ್ತರ, ಒಂದೇ ಬಿಳುಪು. ಅಕ್ಷರ ಎಲ್ಲ ದೊಡ್ಡವು. ನನಗೆ ಓದಲು ಬಂದವು! ಸಾಲು ಹಿಡಿದು ಒಂದೊಂದೇ ಅಕ್ಷರ ಕೂಡಿಸುತ್ತ ಹೋದೆ. ಥಾಮಸ್. ವಯಸ್ಸು ಇಪ್ಪತ್ತು. ಪಕ್ಕದವನಿಗೆ ಹತ್ತೊಂಬತ್ತು. ಅದರಾಚೆಯವನ ಹೆಸರನ್ನು ಯುದ್ಧ ಉಳಿಸಿರಲಿಲ್ಲ, ಸಿಪಾಯಿ ಅಂತಷ್ಟೇ ಕೆತ್ತಿದ್ದರು. ಕಲ್ಲಿನ ಮುಂದಿನ ಹೂವಿನ ಪಾತಿ ನೋಡಿದೆ. ಉದ್ದ. ಎಲ್ಲವೂ ಉದ್ದ. ಎಲ್ಲರೂ ಮಲಗಿದವರೇ.

ಪಹರೆಯವನಿಗೆ ಹೆಸರು ಹೇಳಿದೆ, ಅವನ ಹೆಂಡತಿ ನನ್ನನ್ನು ಕಳಿಸಿದ್ದನ್ನೂ ಹೇಳಿದೆ.

"ಗುರಪ್ಪ? ಹಿಂದೂ? ಹಿಂದೂ ಮಂದಿ ಇಲ್ಲಿ ನೆಲದಾಗ ನಾಹಿ. ಅವ್ರನ್ನ ನದೀ ಕಡೆ ಒಯ್ದು ಸುಟ್ರು. ಹೆಸರು ಗ್ವಾಡಿ ಮ್ಯಾಲೆ."

"ಇವರು ಸುಡೂ ಮಂದಿ ಅಲ್ರಿ. ಕುಂದರಸೂ ಮಂದಿ."

"ಕುಂದರಸೂದು? ಸತ್ತವ್ರನ್ನ?" ಅವನು ನನ್ನ ಮುಖ ನೋಡಿದ. "ಲಡಾಯಿ ಟೈಮದಾಗ ಅದೆಲ್ಲ ಯಾರು ಕೇಳ್ತಾರ? ಹಿಂದೂ ಅಂದ್ರ ಬೆಂಕಿ. ಮುಗೀತು."

ಕುಂತಾನೋ ಮಲಗ್ಯಾನೋ ಎಂದು ಕೇಳಲು ಬಂದಿದ್ದೆ. ಎರಡೂ ಅಲ್ಲ ಎಂಬ ಮೂರನೆಯ ಉತ್ತರ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಗಂಗವ್ವ ಕೊಟ್ಟ ಅರಿವೆಯನ್ನು ಜೇಬಿನಿಂದ ತೆಗೆದು ಮತ್ತೆ ಮಡಚಿಟ್ಟೆ. ಪಹರೆಯವನಿಗೆ ಕನಿಕರ ಬಂತು. "ಏ ಇಂಡಿ, ಆ ಹೆಣ್ಣಮಗಳಿಗೆ ಓದಾಕ ಬರ್ತದ? ಇಲ್ಲ? ಮತ್ಯಾಕ ತಲಿಬ್ಯಾನಿ? ಚಲೋ ಕಲ್ಲು ನೋಡಿ ಒಂದ್ ಫೋಟೋ ಹೊಡಿ. ಇದ ನಿನ್ನ ಗಂಡ ಅನ್ನು."

ಕ್ಯಾಮರಾ ತೆರೆದು ಥಾಮಸನ ಕಲ್ಲನ್ನು ಅದರ ಗಾಜಿನಲ್ಲಿ ನೋಡಿಯೂ ನೋಡಿದೆ. ಚಂದ ಕೂಡುತ್ತಿತ್ತು. ಆದರೆ ಅಮಾವಾಸ್ಯೆಗೆ ಯಂಕಂಚಿಯಲ್ಲಿ ಥಾಮಸನಿಗೆ ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯದ ಎಡೆ ಇಡುವುದು ಕಣ್ಣಿಗೆ ಬಂತು. ಅವನ ತಾಯಿ ಎಲ್ಲಿಯವಳೋ, ಅವಳಿಗೂ ಇದು ಸರಿ ಕಾಣಲಿಕ್ಕಿಲ್ಲ. ಕ್ಯಾಮರಾ ಮುಚ್ಚಿದೆ.

ಗೋಡೆಗೆ ಕರಿ ಕಲ್ಲಿನ ಹಲಗೆಗಳನ್ನು ಕೂಡಿಸಿದ್ದರು, ಮುಖ ಕಾಣುವಷ್ಟು ನುಣುಪು. ಹೆಸರು, ಮುಂದೆ ನಂಬರು. ಮೇಲಿನಿಂದ ಓದುತ್ತ ಓದುತ್ತ ಎಲ್ಲಕ್ಕೂ ಕೆಳಗಿನ ಸಾಲಿಗೆ ಬಂದಾಗ ಸಿಕ್ಕಿತು. ಒಂದು ಪಕಾರ ತಿಂದು "ಗುರಪ" ಎಂದು ಕೆತ್ತಿದ್ದರು. ನಂಬರು ಟ್ರಂಕಿನದೇ. ಅಷ್ಟು ಕೆಳಗಿನ ಹೆಸರನ್ನು ನಿಂತು ತೆಗೆಯಲು ಬಾರದು. ನನ್ನದು ಮೇಲಿನಿಂದ ಬಗ್ಗಿ ನೋಡುವ ಪೆಟ್ಟಿಗೆಯಂಥ ಕ್ಯಾಮರಾ. ಗೋಡೆಯ ಮುಂದೆ ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕುಳಿತು, ಕ್ಯಾಮರಾವನ್ನು ಮಡಿಲಲ್ಲಿ ಅಂಗೈ ಮೇಲೆ ಇಟ್ಟುಕೊಂಡು, ತಲೆ ಬಗ್ಗಿಸಿ ನೋಡಿ, "ಅಲುಗಬ್ಯಾಡ್ರಿ" ಎಂದು ಬಟನ್ ಒತ್ತಿದೆ. ಪಹರೆಯವ ಗೋಡೆಯ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ನೋಡಿದ.

ಗೋಡೆಯ ಬುಡದಲ್ಲಿ ಬೊಗಸೆ ಮಣ್ಣು ತುಂಬಿ ಅರಿವೆಯಲ್ಲಿ ಕಟ್ಟುವಾಗ ಮಾತ್ರ ಅವನು ಬಾಯಿ ಬಿಟ್ಟ. "ಆ ಮಣ್ಣು ಮೊನ್ನೆ ಲಾರಿದಾಗ ಬಂದದ್ದು. ಗುಲಾಬಿ ಹಚ್ಚಾಕ." ಆದರೂ ಕಟ್ಟಿಕೊಂಡೆ.

ಸಿಂದಗಿಗೆ ಬಂದು ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆದು ಕೆಂಪು ದೀಪಕ್ಕೆ ಹಿಡಿದೆ. ಹೆಸರು ನೆಟ್ಟಗೆ ಬಂದಿತ್ತು. ಅದರ ಸುತ್ತ, ಕಲ್ಲಿನ ಒಳಗೆ, ಒಬ್ಬ ಮನುಷ್ಯ ಕುಳಿತಿದ್ದ. ಚಕ್ಕಳಮಕ್ಕಳ, ತಲೆ ಬಗ್ಗಿಸಿ, ಅಂಗೈಯಲ್ಲಿ ಏನೋ ಹಿಡಿದು. ಒಂದು ಗಳಿಗೆ ಬೇಕಾಯಿತು ನನ್ನನ್ನು ನಾನು ಗುರುತಿಸಲಿಕ್ಕೆ. ಕನ್ನಡಿಯಂಥ ಕಲ್ಲಿನ ಮುಂದೆ ನೇರ ಕುಳಿತು ಫೋಟೋ ತೆಗೆಯಬಾರದೆಂಬುದು ಈ ಕಸುಬಿನ ಮೊದಲ ಪಾಠ. ಮುದ್ದೇಬಿಹಾಳದ ನನ್ನ ಗುರು ಇದ್ದಿದ್ದರೆ ಟ್ರೇಯಲ್ಲಿದ್ದ ನೀರನ್ನು ನನ್ನ ತಲೆಗೆ ಸುರಿಯುತ್ತಿದ್ದ. ಪೆನ್ಸಿಲಿನಿಂದ ತಿದ್ದಿ ನನ್ನನ್ನು ಅಳಿಸೋಣ ಅಂದರೆ ಹೆಸರು ನನ್ನ ಎದೆಯ ಮೇಲೇ ಇತ್ತು. ನನ್ನನ್ನು ಅಳಿಸಿದರೆ ಗುರಪ್ಪನೂ ಅಳಿಯುತ್ತಿದ್ದ. ಹಾಗೇ ಒಯ್ದೆ.

ಯಂಕಂಚಿಯಲ್ಲಿ ಗಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮಲ್ಲಪ್ಪ ಹಗ್ಗ ಹೊಸೆಯುತ್ತಿದ್ದ. ನೀರು ಕೊಟ್ಟರು, ಕುಡಿದೆ. ಎಷ್ಟು ಹೊತ್ತು ನೀರು ಕುಡಿಯಲು ಬರುತ್ತದೆ?

"ಕುಂತಾನೋ ಮಲಗ್ಯಾನೋ?" ಅಂದಳು ಗಂಗವ್ವ. ಮೊರದ ಕೈ ನಿಂತಿತ್ತು.

"ಎರಡೂ ಅಲ್ರಿ ಅವ್ವಾ. ಸುಟ್ಟಾರಂತ. ನದೀ ದಂಡಿಗೆ. ಹೆಸರು ಮಾತ್ರ ಗ್ವಾಡಿ ಮ್ಯಾಲೆ ಐತಿ. ಮಣ್ಣೂ ತಂದೀನಿ, ಆದ್ರ ಅದು ಲಾರಿ ಮಣ್ಣಂತ."

ಕೋಳಿಯೊಂದು ಬಂದು ಮೊರಕ್ಕೆ ಬಾಯಿ ಹಾಕಿತು. ಯಾವತ್ತೂ ಸುಮ್ಮನೆ ಬಿಡದ ಗಂಗವ್ವ ಅದನ್ನು ಓಡಿಸಲಿಲ್ಲ. ಮಲ್ಲಪ್ಪ ಹಗ್ಗ ಕೆಳಗಿಟ್ಟು, "ಹಂಗಾದ್ರ ಮುಗೀತಲ್ಲ ಯಕ್ಕಾ" ಅಂದ.

ಫೋಟೋ ಕೊಟ್ಟೆ. ಗಂಗವ್ವ ಬಿಸಿಲಿಗೆ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು. ಆಮೇಲೆ ಅಂದಳು.

"ಕುಂತಾನಲ್ಲ."

ಮಲ್ಲಪ್ಪನ ಮಾತು ನೆನಪಿತ್ತು, ಇದ್ದದ್ದೇ ಹೇಳಬೇಕು. "ಅವ್ವಾ, ಅದು ನಾನ್ರಿ. ಕಲ್ಲಿನಾಗ ನನ್ನ ನೆರಳು ಬಿದ್ದೈತಿ. ನನ್ನ ತಪ್ಪು."

"ಗೊತ್ತೈತೋ. ನನಗೇನ್ ಕಣ್ಣ ಕಾಣಂಗಿಲ್ಲೇನು? ನಮ್ಮವರಿಗೆ ಇಂಥಾ ಹೊಟ್ಟಿ ಎಲ್ಲಿತ್ತು! ಬಡಿಗಿ ಇದ್ದಂಗ ಇದ್ರು." ಬೆರಳಿನಿಂದ ಫೋಟೋದ ಹೊಟ್ಟೆಯನ್ನು ಮುಟ್ಟಿ, ಅಲ್ಲಿಂದ ಅಂಗೈಗೆ ಬಂದಳು. "ಇದೇನು ಹಿಡದೀ?"

"ಕ್ಯಾಮರಾ ರಿ."

"ಲಿಂಗ ಹಿಡದಂಗ ಹಿಡದೀ ನೋಡು." ಮತ್ತೆ ನೋಡಿದಳು. "ಇಷ್ಟ ವರ್ಷ ಅವರ ಹೆಸರಿನ ಮುಂದ ಒಬ್ಬರೂ ಬಂದು ಕುಂತಿದ್ದಿಲ್ಲ. ನೀ ಕುಂತಿ. ಹೆಸರು ಅವರ್ದು, ಕುಂತಾಂವ ನೀನು. ಆಗಂಗಿಲ್ಲೇನು ಮಲ್ಲಪ್ಪಾ?"

ಮಲ್ಲಪ್ಪ ತಲೆ ಕೆರೆದುಕೊಂಡ. "ಹಿರ್ಯಾರು ಏನಂತಾರೋ..."

"ಹಿರ್ಯಾರ್ನ ನನಗ ಬಿಡು. ಕುಂತಾರೇನು ಅಂತ ಕೇಳಿದ್ರ, ಕುಂತಾರ ಅಂತೀನಿ. ಯಾರಂತ ಕೇಳಿದ್ರ, ಅದನ್ನೂ ಹೇಳ್ತೀನಿ." ಅರಿವೆಯ ಗಂಟನ್ನು ಬಿಚ್ಚಿ, ಪುಣೆಯ ಆ ಕೆಂಪು ಮಣ್ಣನ್ನು ಮೂಸಿ ನೋಡಿ, ತುಳಸಿ ಗಿಡದ ಬುಡಕ್ಕೆ ಸುರಿದಳು. "ಮಣ್ಣಿಗೇನ್ ಬರ ಬಂದೈತಿ ನಮಗ? ನಮ್ಮ ಹೊಲದಾಗ ಎರಿ ಮಣ್ಣು ಬಿದ್ದೈತಿ."

ಹಿರಿಯರು ಏನೆಂದರೋ ನನಗೆ ತಿಳಿಯದು. ಮುಂದಿನ ಅಮಾವಾಸ್ಯೆಗೆ ನನಗೆ ಕರೆ ಬಂತು. ಹೊಲದಲ್ಲಿ ಎರಡು ಗದ್ದಿಗಿಯ ನಡುವೆ ಚೌಕಾದ ಕುಣಿ ತೆಗೆದಿದ್ದರು, ಮೊಳದಷ್ಟು. ಫೋಟೋಕ್ಕೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು, ಕುಣಿಯ ಗೋಡೆಗೆ ಆನಿಸಿ ಕೂಡಿಸಿದರು. ಸ್ವಲ್ಪ ವಾರೆಯಾಗಿತ್ತು. ನನ್ನ ಕೈ ಸುಮ್ಮನಿರಲಿಲ್ಲ, ಎರಡು ಬೆರಳಿನಿಂದ ನೆಟ್ಟಗೆ ಮಾಡಿದೆ.

ಸತ್ತವರ ಮನೆಗೆ ಹೋಗುವುದಕ್ಕೆ ನಮ್ಮ ಕಡೆ "ಮಣ್ಣಿಗೆ ಹೋಗುವುದು" ಅನ್ನುತ್ತಾರೆ. ಎಷ್ಟೋ ಜನರ ಮಣ್ಣಿಗೆ ಹೋಗಿದ್ದೇನೆ, ಕ್ಯಾಮರಾ ಹೆಗಲಿಗೆ ಹಾಕಿಕೊಂಡು. ತನ್ನ ಮಣ್ಣಿಗೆ ತಾನೇ ಹೋಗಿ, ಹಿಡಿ ಮಣ್ಣು ಹಾಕಿ, ಮೇಲೆ ಹೋಳಿಗೆ ಉಂಡು ಬಂದವನು ಸಿಂದಗಿ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ವಿಷಯ ತಿಳಿದ ನನ್ನ ಹೆಂಡತಿ ನನ್ನನ್ನು ಹೊಸ್ತಿಲಾಚೆಗೇ ನಿಲ್ಲಿಸಿ, ತಲೆ ಮೇಲೆ ಕೊಡ ನೀರು ಸುರಿದು, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬಂತು, ದೃಷ್ಟಿ ಏನೂ ಆಗಿಲ್ಲ ಎಂದು ಸಮಾಧಾನಪಟ್ಟಳು.

ಆದರೆ ಅದು ಸಂಜೆಯ ಮಾತು. ಹೊಲದಲ್ಲಿ, ಎಲ್ಲರೂ ಕೈಯಲ್ಲಿ ಮಣ್ಣು ಹಿಡಿದು ನಿಂತಾಗ, ಮೊದಲ ಹಿಡಿ ಗಂಗವ್ವನದು. ಅವಳು ಕುಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕುಳಿತು ಬಗ್ಗಿದಳು. ಅಳುತ್ತಾಳೆ ಅಂದುಕೊಂಡೆವು. ಅಳಲಿಲ್ಲ. ಫೋಟೋವನ್ನು ಒಮ್ಮೆ ನೋಡಿ, ಸ್ಟುಡಿಯೋದಲ್ಲಿ ನಾನು ಅವಳಿಗೆ ಹೇಳಿದ್ದ ಮಾತನ್ನೇ ಗಂಡನಿಗೆ ಹೇಳುವ ದನಿಯಲ್ಲಿ ಮೆಲ್ಲಗೆ ಹೇಳಿದಳು.

"ಇನ್ನ ಅಲುಗಬ್ಯಾಡ್ರಿ."